ಯಂತ್ರದ ಮೇಜಿನ ಮೇಲೆ ಗಾಜು ಸೀಳದಂತೆ ಕತ್ತರಿಸುವ ಬಗೆ: ಕೊಡಗಿನ ಅಂಗಡಿಗಳಿಗೊಂದು ಮಾರ್ಗದರ್ಶಿ

ಕೊಡಗಿನ ಗಾಜಿನ ಅಂಗಡಿಗಳಿಗೆ ಹಿಂದೆ ಬರುತ್ತಿದ್ದ ಕೆಲಸವೆಂದರೆ ಐನ್‌ಮನೆಯ ಕಿಟಕಿಯಲ್ಲಿ ಒಡೆದುಹೋದ ಒಂದೆರಡು ಅಡಿಯ ಗಾಜು, ಗೋಡೆಗೆ ತೂಗುಹಾಕುವ ಪಟಗಳು, ಬೇಕರಿಯ ಶೋಕೇಸು, ಇಷ್ಟೇ. ಅದಕ್ಕೆ ಕಂಬಳಿ ಹಾಸಿದ ಮರದ ಮೇಜು, ನೇರವಾದ ಮರದ ಪಟ್ಟಿ ಮತ್ತು ಕೈಯಲ್ಲೊಂದು ಡೈಮಂಡ್ ಕಟ್ಟರ್ ಸಾಕಾಗುತ್ತಿತ್ತು. ಈಗ ಹೋಂಸ್ಟೇ ಕಟ್ಟುವವರು ಬೆಟ್ಟದ ಸಾಲು ಪೂರ್ತಿ ಕಾಣಬೇಕೆಂದು ನೆಲದಿಂದ ಸೂರಿನವರೆಗೆ ಗಾಜು ಕೇಳುತ್ತಾರೆ, ತೋಟದ ಬಂಗಲೆಗಳಲ್ಲಿ ಜಗಲಿಗೆ ಗಾಳಿ ಮಳೆ ನುಗ್ಗದಂತೆ ಗಾಜಿನ ಗೋಡೆ ನಿಲ್ಲಿಸುತ್ತಾರೆ. ಹಾಳೆ ದೊಡ್ಡದಾದಂತೆ ಕೈಗೀರು ಸಾಲುವುದಿಲ್ಲ. ಹೀಗಾಗಿ ನಮ್ಮಂಥ ಸಣ್ಣ ಅಂಗಡಿಗಳೂ ಕಂಪ್ಯೂಟರಿಗೆ ಅಳತೆ ಕೊಟ್ಟರೆ ತಾನೇ ಗೀರುವ ಕಟಿಂಗ್ ಟೇಬಲನ್ನು ನೆಚ್ಚಬೇಕಾಗಿದೆ.

ಯಂತ್ರ ಬಂದ ಮಾತ್ರಕ್ಕೆ ಗಾಜು ಒಡೆಯುವುದು ನಿಲ್ಲುವುದಿಲ್ಲ. 2440 ಎಂಎಂ ಉದ್ದ, 1830 ಎಂಎಂ ಅಗಲದ 5 ಎಂಎಂ ಹಾಳೆಯೊಂದು ಸುಮಾರು 56 ಕಿಲೋ ತೂಗುತ್ತದೆ. ಮೈಸೂರಿನಿಂದ ಕುಶಾಲನಗರಕ್ಕೆ ಸುಮಾರು 90 ಕಿಲೋಮೀಟರ್ ದಾರಿ ಸವೆಸಿ ಬಂದ ಅಂಥ ಹಾಳೆ ಕೊನೆಯ ಗೀರಿನಲ್ಲಿ ಅಡ್ಡ ಸೀಳಿಕೊಂಡರೆ ಹೋಗುವುದು ಗಾಜಿನ ಬೆಲೆ ಮಾತ್ರವಲ್ಲ, ಮುಂದಿನ ಲೋಡು ಬರುವವರೆಗೆ ಗಿರಾಕಿಗೆ ಕೊಟ್ಟ ಮಾತೂ ಹೋಗುತ್ತದೆ. ಒಡೆದಾಗಲೆಲ್ಲ ಹೆಚ್ಚಿನವರ ಕೈ ಮೊದಲು ಹೋಗುವುದು, ಗೀರುವ ಚಕ್ರ ಗಾಜನ್ನು ಎಷ್ಟು ಒತ್ತಬೇಕೆಂದು ಹೊಂದಿಸುವ ಒತ್ತಡದ ರೆಗ್ಯುಲೇಟರಿಗೆ. ನಾನೂ ಮೊದಲ ವರ್ಷ ಅದನ್ನೇ ಮಾಡಿದೆ. ಒತ್ತಡ ಏರಿಸಿದಷ್ಟೂ ಒಡೆದ ಹಾಳೆಗಳ ಲೆಕ್ಕ ಏರಿತೇ ಹೊರತು ಇಳಿಯಲಿಲ್ಲ. ಒತ್ತಡವನ್ನು ಕಟ್ಟಕಡೆಗೆ ಮುಟ್ಟಬೇಕು, ಅದಕ್ಕಿಂತ ಮೊದಲು ನೋಡಬೇಕಾದವು ಬೇರೆ ಇವೆ ಎಂಬುದನ್ನು ತಿಳಿಸಲೆಂದೇ ಈ ಲೇಖನ.

ಚಕ್ರ ಗಾಜನ್ನು ಕತ್ತರಿಸುವುದಿಲ್ಲ

ಗರಗಸ ಮರವನ್ನು ಕೊಯ್ಯುವಂತೆ ಕಟಿಂಗ್ ವೀಲ್ ಗಾಜನ್ನು ಕೊಯ್ಯುವುದಿಲ್ಲ. ಅದು ಮೇಲ್ಮೈಯಲ್ಲಿ ಒಂದು ಸಣ್ಣ ಗೀರನ್ನು ಎಳೆದು, ಆ ಗೀರಿನಡಿ ನೇರವಾಗಿ ಕೆಳಕ್ಕಿಳಿಯುವ ಕೂದಲೆಳೆಯಷ್ಟು ಬಿರುಕನ್ನು ಹುಟ್ಟಿಸುತ್ತದೆ. ಆ ಬಿರುಕಿನ ಆಳ ಸಾಮಾನ್ಯವಾಗಿ ಗಾಜಿನ ದಪ್ಪದ ಹತ್ತರಲ್ಲೊಂದು ಪಾಲಿನ ಆಸುಪಾಸಿನಲ್ಲಿರುತ್ತದೆ. ಬಳಿಕ ಹಾಳೆಯನ್ನು ಬಗ್ಗಿಸಿದಾಗ ಅದೇ ಬಿರುಕು ಕೆಳಗಿನ ಮುಖದವರೆಗೆ ಓಡಿ ಗಾಜು ಎರಡಾಗುತ್ತದೆ. ಆದ್ದರಿಂದ ಒಳ್ಳೆಯ ಕಟಿಂಗ್ ಎಂದರೆ ನಾವು ಹೇಳಿದ ದಾರಿಯಲ್ಲಿ ಓಡಿದ ಬಿರುಕು, ಕೆಟ್ಟ ಕಟಿಂಗ್ ಎಂದರೆ ತನಗೆ ಬೇಕಾದ ದಾರಿ ಹಿಡಿದ ಬಿರುಕು.

ಗಾಜಿನ ನಿಜವಾದ ಬಲವನ್ನು ನಿರ್ಧರಿಸುವುದು ಅದರಲ್ಲಿ ಮೊದಲೇ ಇರುವ, ಕಣ್ಣಿಗೆ ಕಾಣದ ಸಣ್ಣ ಊನಗಳು ಎಂಬುದನ್ನು ಬ್ರಿಟಿಷ್ ಎಂಜಿನಿಯರ್ ಎ. ಎ. ಗ್ರಿಫಿತ್ 1921ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ತೋರಿಸಿಕೊಟ್ಟರು. ನಮ್ಮ ಮೇಜಿಗೆ ಇದನ್ನು ಅನ್ವಯಿಸಿದರೆ ಅರ್ಥ ಸರಳವಾಗಿದೆ: ನಾವು ಹಾಕಿದ ಗೀರಿಗಿಂತ ದೊಡ್ಡ ಊನ ಹಾಳೆಯಲ್ಲಿ ಬೇರೆಲ್ಲಾದರೂ ಇದ್ದು, ಅಲ್ಲಿಗೆ ಎಳೆತ ಬಿದ್ದರೆ ಬಿರುಕು ಗೀರನ್ನು ಬಿಟ್ಟು ಅಲ್ಲಿಂದಲೇ ಹೊರಡುತ್ತದೆ.

ಮೇಜಿಗೆ ಬರುವ ಮೊದಲು

ಈ ಭಾಗವನ್ನು ನಾನು ಬೇಕೆಂದೇ ವಿಸ್ತಾರವಾಗಿ ಬರೆಯುತ್ತಿದ್ದೇನೆ. ಕೊಡಗಿನಲ್ಲಿ ಯಂತ್ರದ ಮೇಲೆ ಒಡೆಯುವ ಹಾಳೆಗಳ ಕತೆ ಹೆಚ್ಚಾಗಿ ಯಂತ್ರ ಮುಟ್ಟುವುದಕ್ಕೆ ಮೊದಲೇ ಶುರುವಾಗಿರುತ್ತದೆ.

ಮೊದಲ ಹೆಜ್ಜೆ, ಲಾರಿಯಿಂದ ಇಳಿಸುವಾಗಲೇ ಪ್ರತಿ ಹಾಳೆಯ ನಾಲ್ಕು ಅಂಚುಗಳನ್ನೂ ಟಾರ್ಚ್ ಹಿಡಿದು ನೋಡುವುದು. ಬೆಳಕನ್ನು ನೇರವಾಗಿ ಬಿಡದೆ ಓರೆಯಾಗಿ ಬಿಟ್ಟರೆ ಅಂಚಿನಲ್ಲಿ ಚಿಪ್ಪು ಎದ್ದ ಜಾಗ ಹೊಳೆಯುತ್ತದೆ. ಘಾಟಿ ರಸ್ತೆಯ ತಿರುವುಗಳಲ್ಲಿ, ಹೊಂಡಗಳಲ್ಲಿ ಹಾಳೆಯ ಕೆಳ ಅಂಚು ಮರದ ಪಟ್ಟಿಗೆ ಬಡಿದು ಇಂಥ ಚಿಪ್ಪುಗಳು ಏಳುತ್ತವೆ. ಒಮ್ಮೆ ನಮ್ಮಲ್ಲಿ ಒಂದೇ ಲೋಡಿನ 8 ಎಂಎಂ ಹಾಳೆಗಳು ಮೂರು ಸಾಲಾಗಿ ಒಡೆದವು. ಮೂರರಲ್ಲೂ ಬಿರುಕು ಹೊರಟದ್ದು ಕೆಳ ಅಂಚಿನ ಬಲಮೂಲೆಯಿಂದ ಎರಡು ಗೇಣಿನೊಳಗೆ. ಲಾರಿಯ ಹಲಗೆಯಲ್ಲಿ ಅದೇ ಜಾಗಕ್ಕೆ ಮೊಳೆಯ ತಲೆಯೊಂದು ಎದ್ದಿತ್ತು. ಅಲ್ಲಿಯವರೆಗೆ ಎರಡು ದಿನ ನಾವು ಯಂತ್ರವನ್ನೇ ಬಿಚ್ಚಿ ಜೋಡಿಸುತ್ತಿದ್ದೆವು. ಚಿಪ್ಪೆದ್ದ ಹಾಳೆ ಸಿಕ್ಕರೆ ಅದಕ್ಕೆ ಸೀಮೆಸುಣ್ಣದಿಂದ ಗುರುತು ಹಾಕಿ, ಆ ಬದಿಯನ್ನು ಅಗಲವಾಗಿ ತೆಗೆದುಹಾಕುವಂತೆ ಕತ್ತರಿಸುವ ನಕ್ಷೆಯನ್ನು ಬದಲಿಸಿಕೊಳ್ಳಬೇಕು.

ಎರಡನೆಯದು ತೇವ. ಕಕ್ಕಡ ತಿಂಗಳಿನ ಮಳೆಯಲ್ಲಿ ನಮ್ಮ ಗೋದಾಮುಗಳ ಗೋಡೆಯೇ ಬೆವರುತ್ತದೆ. ಒತ್ತಾಗಿ ನಿಲ್ಲಿಸಿದ ಎರಡು ಹಾಳೆಗಳ ನಡುವೆ ನೀರು ಸೇರಿ ಅಲ್ಲೇ ನಿಂತರೆ, ಅದು ಗಾಜಿನಿಂದ ಸೋಡಿಯಂ ಅಂಶವನ್ನು ಎಳೆದುಕೊಂಡು ಕ್ಷಾರವಾಗುತ್ತದೆ. ಆ ಕ್ಷಾರ ಮತ್ತೆ ಗಾಜನ್ನೇ ತಿನ್ನುತ್ತದೆ. ಮೊದಲು ಕಾಮನಬಿಲ್ಲಿನ ಬಣ್ಣದ ಕಲೆ, ಆಮೇಲೆ ಉಜ್ಜಿದರೂ ಹೋಗದ ಬಿಳಿ ಮಬ್ಬು ಕಾಣಿಸಿಕೊಳ್ಳುತ್ತದೆ. ಇಂಥ ಮೇಲ್ಮೈಯ ಮೇಲೆ ಚಕ್ರ ಒಂದೇ ಸಮ ಓಡುವುದಿಲ್ಲ, ಗೀರು ಅಲ್ಲಲ್ಲಿ ತಪ್ಪುತ್ತದೆ. ಒಂದಕ್ಕೊಂದು ಅಂಟಿಕೊಂಡ ಹಾಳೆಗಳನ್ನು ಬಲವಂತವಾಗಿ ಬಿಡಿಸುವಾಗಲೂ ಮೂಲೆಗಳು ಹಾರುತ್ತವೆ. ಹಾಳೆಗಳ ನಡುವೆ ಕಾರ್ಖಾನೆಯವರು ಹಾಕಿದ ಕಾಗದವನ್ನೋ ಪುಡಿಯನ್ನೋ ಕತ್ತರಿಸುವ ಗಳಿಗೆಯವರೆಗೆ ತೆಗೆಯಬಾರದು. ಸ್ಟ್ಯಾಂಡನ್ನು ಗೋಡೆಯಿಂದ ಒಂದು ಮೊಳ ದೂರವಿಟ್ಟು ಗಾಳಿಯಾಡಲು ಬಿಡಬೇಕು. ಕೆಳ ಅಂಚು ನೆಲಕ್ಕೆ ತಾಗದೆ ರಬ್ಬರ್ ಪಟ್ಟಿಯ ಮೇಲೆ ಕೂರಬೇಕು, ಹಾಳೆ ಐದಾರು ಡಿಗ್ರಿಯಷ್ಟು ಹಿಂದಕ್ಕೆ ಒರಗಿರಬೇಕು. ಮಳೆಗೆ ಹೆದರಿ ಪ್ಲಾಸ್ಟಿಕ್ ಟಾರ್ಪಾಲಿನಿಂದ ಬಿಗಿಯಾಗಿ ಸುತ್ತುವ ಅಭ್ಯಾಸ ನಮ್ಮ ಕಡೆ ಇದೆ. ಒಳಗಿನ ತೇವ ಹೊರಹೋಗಲು ದಾರಿಯಿಲ್ಲದೆ ಅದು ಹೆಚ್ಚು ಹಾನಿ ಮಾಡುತ್ತದೆ. ಮೇಲಿನಿಂದ ಹೊದಿಸಿ, ಬದಿಗಳನ್ನು ತೆರೆದಿಡುವುದೇ ಸರಿ. ಮೊದಲು ಬಂದ ಹಾಳೆ ಮೊದಲು ಹೋಗಲಿ. ಜೂನ್‌ಗೆ ಮುಂಚೆ ತರಿಸಿದ ಗಾಜನ್ನು ತುಲಾ ಸಂಕ್ರಮಣದವರೆಗೆ ಮೂಲೆಯಲ್ಲಿ ನಿಲ್ಲಿಸಿಡಬಾರದು.

"ಮಡಿಕೇರಿಯ ಚಳಿಗೆ ಗಾಜು ಒಡೆಯಿತು" ಎಂಬ ಮಾತನ್ನು ಆಗಾಗ ಕೇಳುತ್ತೇವೆ. ಅಂಚು ಸರಿಯಿರುವ ಸಾಧಾರಣ ಗಾಜು ಒಂದೇ ಹಾಳೆಯ ಎರಡು ಭಾಗಗಳ ನಡುವೆ 35ರಿಂದ 40 ಡಿಗ್ರಿ ಸೆಲ್ಸಿಯಸ್‌ವರೆಗಿನ ವ್ಯತ್ಯಾಸವನ್ನು ತಾಳಿಕೊಳ್ಳುತ್ತದೆ. ನಮ್ಮ ಚಳಿಗಾಲದ ಬೆಳಗಿಗೆ ಅಷ್ಟು ಶಕ್ತಿಯಿಲ್ಲ. ಚಳಿಯ ತೊಂದರೆ ಬೇರೆ: ತಣ್ಣಗಿನ ಗೋದಾಮಿನಿಂದ ತಂದ ಹಾಳೆಯ ಮೇಲೆ ಅಂಗಡಿಯ ಬೆಚ್ಚಗಿನ ತೇವದ ಗಾಳಿ ಹನಿಗಟ್ಟುತ್ತದೆ, ಎಣ್ಣೆ ಹಿಡಿಯುವುದಿಲ್ಲ, ಚಕ್ರ ಜಾರುತ್ತದೆ. ಮರುದಿನ ಕತ್ತರಿಸಬೇಕಾದ ಹಾಳೆಗಳನ್ನು ಹಿಂದಿನ ಸಂಜೆಯೇ ಮೇಜಿನ ಕೋಣೆಗೆ ತಂದು ನಿಲ್ಲಿಸಿದರೆ ಈ ತೊಂದರೆ ಬಹುಪಾಲು ತಪ್ಪುತ್ತದೆ.

ಮೇಜಿನ ಮಟ್ಟ

ಮೇಜಿನ ಮೇಲ್ಮೈ ಎಲ್ಲ ಕಡೆ ಒಂದೇ ಮಟ್ಟದಲ್ಲಿಲ್ಲದಿದ್ದರೆ ಹಾಳೆ ತನ್ನ ಭಾರಕ್ಕೆ ತಾನೇ ಬಾಗಿ ಮಲಗುತ್ತದೆ. ತಗ್ಗಿನಲ್ಲಿ ಚಕ್ರದ ಒತ್ತಡ ಕಡಿಮೆಯಾಗಿ ಗೀರು ತಪ್ಪುತ್ತದೆ, ಉಬ್ಬಿನಲ್ಲಿ ಹೆಚ್ಚಾಗಿ ಗಾಜು ನಲುಗುತ್ತದೆ. ನೀರು ತುಂಬಿದ ಪಾರದರ್ಶಕ ಪೈಪಿನಿಂದ ನಾಲ್ಕು ಮೂಲೆ ಮತ್ತು ನಡುಭಾಗವನ್ನು ತಿಂಗಳಿಗೊಮ್ಮೆ ಅಳೆಯಿರಿ. ಮಣ್ಣು ತುಂಬಿ ಸಮ ಮಾಡಿದ ಇಳಿಜಾರು ನಿವೇಶನಗಳಲ್ಲಿ ಕಟ್ಟಿದ ಶೆಡ್ಡುಗಳು ನಮ್ಮಲ್ಲಿ ಹೆಚ್ಚು. ಮಳೆಗಾಲ ಕಳೆದಾಗ ಅಂಥ ನೆಲ ಸ್ವಲ್ಪವಾದರೂ ಕುಸಿದಿರುತ್ತದೆಯಾದ್ದರಿಂದ ಸೆಪ್ಟೆಂಬರಿನಲ್ಲಿ, ಕೈಲ್‌ಪೊಳ್ದ್ ಹಬ್ಬ ಕಳೆದು ಕಟ್ಟಡದ ಕೆಲಸಗಳು ಮತ್ತೆ ಚುರುಕಾಗುವ ಮುನ್ನ, ಮಟ್ಟವನ್ನು ತಪ್ಪದೆ ಇನ್ನೊಮ್ಮೆ ನೋಡಬೇಕು.

ಫೆಲ್ಟ್ ಹಾಸಿನ ಮೇಲೆ ಅಕ್ಕಿಕಾಳಿನ ಅರ್ಧದಷ್ಟು ಗಾಜಿನ ಚೂರು ಉಳಿದರೂ ಸಾಕು, ಮೇಲಿನಿಂದ ಚಕ್ರ ಒತ್ತುವಾಗ ಕೆಳಮುಖದಲ್ಲಿ ಅದು ಇನ್ನೊಂದು ಗೀರಾಗುತ್ತದೆ. ಪ್ರತಿ ಹಾಳೆಯ ನಂತರ ಮೃದು ಬ್ರಶ್‌ನಿಂದ ಒಂದೇ ದಿಕ್ಕಿಗೆ ಗುಡಿಸಿ, ದಿನಕ್ಕೆರಡು ಬಾರಿ ವ್ಯಾಕ್ಯೂಮ್ ಹಿಡಿಯಬೇಕು. ಚೂರು ಹುಡುಕಲು ಬರಿಗೈಯನ್ನು ಹಾಸಿನ ಮೇಲೆ ಎಂದೂ ಆಡಿಸಬೇಡಿ.

ಚಕ್ರ, ಎಣ್ಣೆ ಮತ್ತು ಕೊನೆಗೆ ಒತ್ತಡ

ಗಾಜು ದಪ್ಪವಾದಂತೆ ಚಕ್ರದ ಅಂಚಿನ ಕೋನ ಅಗಲವಾಗಬೇಕು. ಸುಮಾರು ಲೆಕ್ಕದಲ್ಲಿ 3–4 ಎಂಎಂ ಗಾಜಿಗೆ 135 ಡಿಗ್ರಿ, 5–6 ಎಂಎಂಗೆ 140ರಿಂದ 145, 8–10 ಎಂಎಂಗೆ 145ರಿಂದ 150, 12 ಎಂಎಂ ಮತ್ತು ಅದರ ಮೇಲಿನದಕ್ಕೆ 155ರ ಸುತ್ತಮುತ್ತ ಬಳಸುತ್ತಾರೆ. ಚಕ್ರ ತಯಾರಿಸಿದವರು ಕೊಡುವ ಪಟ್ಟಿ ಬೇರೆ ಹೇಳಿದರೆ ಅದನ್ನೇ ಪಾಲಿಸಬೇಕು. ನಮ್ಮ ಅಂಗಡಿಗಳಲ್ಲಿ ಆಗುವ ತಪ್ಪೆಂದರೆ 5 ಎಂಎಂಗೆ ಹಾಕಿದ ಚಕ್ರದಲ್ಲೇ 10 ಎಂಎಂ ಗಾಜನ್ನೂ ಗೀರಿ, ಬಿರುಕು ಆಳಕ್ಕೆ ಇಳಿಯದಿದ್ದಾಗ ಒತ್ತಡವನ್ನು ಏರಿಸುವುದು. ಕಿರಿದಾದ ಕೋನದ ಚಕ್ರಕ್ಕೆ ಹೆಚ್ಚು ಒತ್ತಡ ಬಿದ್ದರೆ ಬಿರುಕು ಕೆಳಕ್ಕಿಳಿಯುವ ಬದಲು ಅಕ್ಕಪಕ್ಕಕ್ಕೆ ಹರಡುತ್ತದೆ. ಗೀರಿನ ಇಕ್ಕೆಲದಲ್ಲಿ ಮೀನಿನ ಹುರುಪೆಯಂತೆ ಚೂರುಗಳು ಏಳುವುದು ಇದೇ ಕಾರಣಕ್ಕೆ. ಈ ಅಡ್ಡ ಬಿರುಕುಗಳು ಅಂಚನ್ನು ದುರ್ಬಲಗೊಳಿಸುತ್ತವೆ. ಮೇಜಿನ ಮೇಲೆ ಉಳಿದುಕೊಂಡ ಗಾಜು ಗಿರಾಕಿಯ ಮನೆಯಲ್ಲಿ, ಬಿಸಿಲು ನೆರಳು ಬಿದ್ದ ಕಿಟಕಿಯಲ್ಲಿ ಒಡೆಯುವುದು ಹಲವು ಬಾರಿ ಇಂಥ ಅಂಚಿನಿಂದಲೇ.

ಚಕ್ರ ತನ್ನ ಅಚ್ಚಿನ ಮೇಲೆ ಸಲೀಸಾಗಿ ತಿರುಗುತ್ತಿದೆಯೇ ಎಂಬುದನ್ನು ಪ್ರತಿದಿನ ಬೆಳಿಗ್ಗೆ ನೋಡಬೇಕು. ಗಾಜಿನ ಪುಡಿ ಮತ್ತು ಎಣ್ಣೆ ಸೇರಿ ಅಚ್ಚು ಬಿಗಿದರೆ ಚಕ್ರ ಉರುಳುವ ಬದಲು ಎಳೆದಾಡುತ್ತದೆ, ಒಂದೇ ಜಾಗದಲ್ಲಿ ಸವೆದು ಚಪ್ಪಟೆಯಾಗುತ್ತದೆ. ಗೀರಿನಲ್ಲಿ ಒಂದೇ ಅಂತರಕ್ಕೆ ಮತ್ತೆ ಮತ್ತೆ ಖಾಲಿ ಚುಕ್ಕಿ ಕಂಡರೆ ಚಕ್ರ ಒಂದು ಕಡೆ ಮುಕ್ಕಾಗಿದೆ ಎಂದರ್ಥ. ಆ ಅಂತರ ಚಕ್ರದ ಸುತ್ತಳತೆಗೆ ಸಮನಾಗಿರುತ್ತದೆ.

ಎಣ್ಣೆಯ ಕೆಲಸ ಚಕ್ರವನ್ನು ತಣ್ಣಗಿಡುವುದಷ್ಟೇ ಅಲ್ಲ. ಅದು ಆಗತಾನೆ ತೆರೆದ ಬಿರುಕಿನೊಳಗೆ ಇಳಿದು ಅದನ್ನು ಮುಚ್ಚಿಕೊಳ್ಳದಂತೆ ಹಿಡಿದಿಡುತ್ತದೆ, ಅಡ್ಡ ಚೂರುಗಳು ಹಾರದಂತೆ ತಡೆಯುತ್ತದೆ. ಗಾಜು ಕತ್ತರಿಸಲೆಂದೇ ಸಿಗುವ ತೆಳುವಾದ, ಬೇಗ ಆರುವ ಎಣ್ಣೆಯನ್ನು ಬಳಸಿ. ಹಿಂದೆ ಕೈಕಟ್ಟರಿಗೆ ಸೀಮೆಎಣ್ಣೆ ಅದ್ದಿಕೊಳ್ಳುತ್ತಿದ್ದೆವು, ಅದು ಕೈಗೆಲಸಕ್ಕೆ ಒದಗಿತು. ಯಂತ್ರದ ಸಣ್ಣ ನಳಿಕೆಗಳಿಗೆ ಮಾತ್ರ ಸಿಕ್ಕಿದ್ದನ್ನೆಲ್ಲ ಸುರಿಯಬಾರದು. ಗೆರೆ ಒದ್ದೆಯಾಗಿ ಮಿಂಚುವಷ್ಟು ಎಣ್ಣೆ ಸಾಕು, ಹರಿದರೆ ಹೆಚ್ಚಾಯಿತು.

ಇಷ್ಟೆಲ್ಲ ಸರಿಯಿದ್ದ ಮೇಲೆ ಒತ್ತಡ. ಇದಕ್ಕೆ ಎಲ್ಲ ಯಂತ್ರಕ್ಕೂ ಹೊಂದುವ ಒಂದೇ ಅಂಕಿ ಇಲ್ಲ, ಏಕೆಂದರೆ ಒತ್ತುವ ಸಿಲಿಂಡರಿನ ಗಾತ್ರ ಒಂದೊಂದರಲ್ಲಿ ಒಂದೊಂದು. ಅದೇ ದಪ್ಪದ, ಅದೇ ಲೋಡಿನ ಚೂರುಹಾಳೆಯೊಂದನ್ನು ತೆಗೆದುಕೊಂಡು, ಕಡಿಮೆ ಒತ್ತಡದಿಂದ ಶುರುಮಾಡಿ ಸ್ವಲ್ಪ ಸ್ವಲ್ಪ ಏರಿಸುತ್ತ ಒಂದು ಗೇಣಿನ ಅಂತರದಲ್ಲಿ ಏಳೆಂಟು ಗೀರುಗಳನ್ನು ಎಳೆಯಿರಿ. ಪ್ರತಿಯೊಂದರ ಪಕ್ಕ ಒತ್ತಡದ ಅಂಕಿಯನ್ನು ಬರೆದು, ಒಂದೊಂದನ್ನೇ ಮುರಿದು ಅಂಚನ್ನು ನೋಡಿ. ಸರಿಯಾದ ಗೀರು ತೆಳ್ಳಗೆ, ಒಂದೇ ಸಮನಾಗಿ, ಓರೆಗಣ್ಣಿಗೆ ಮಾತ್ರ ಕಾಣುವಂತಿರುತ್ತದೆ. ಬಿಳಿಯ ಪುಡಿಗಟ್ಟಿದ, ದೂರದಿಂದಲೇ ಎದ್ದು ಕಾಣುವ ಗೀರು ಚೆನ್ನಾಗಿ ಕತ್ತರಿಸಿದೆ ಎಂದು ಅನೇಕರು ನಂಬುತ್ತಾರೆ, ಆದರೆ ಅದು ಹೆಚ್ಚಾದ ಒತ್ತಡದ ಗುರುತು. ಕಿವಿಯೂ ಸಹಾಯಕ್ಕೆ ಬರುತ್ತದೆ: ಸರಿಯಾದ ಗೀರಿನ ಸದ್ದು ರೇಷ್ಮೆ ಬಟ್ಟೆ ಎಳೆದಂತೆ ಒಂದೇ ಶ್ರುತಿಯಲ್ಲಿರುತ್ತದೆ, ಚಟಚಟ ಎಂದರೆ ಚೂರು ಏಳುತ್ತಿದೆ. ಸ್ವಚ್ಛವಾಗಿ ಮುರಿದ ಗೀರುಗಳಲ್ಲಿ ಅತಿ ಕಡಿಮೆ ಒತ್ತಡದ್ದು ಯಾವುದೋ ಅದನ್ನೇ ಆರಿಸಿ, ದಪ್ಪವಾರು ಒಂದು ಹಲಗೆಯ ಮೇಲೆ ಬರೆದು ಯಂತ್ರದ ಪಕ್ಕ ತೂಗುಹಾಕಿ.

ಮಳೆಗಾಲದ ಗಾಳಿ ಮತ್ತು ಕರೆಂಟು

ಬಯಲುಸೀಮೆಯ ಅಂಗಡಿಯವರು ಇಷ್ಟಾಗಿ ಅನುಭವಿಸದ ಎರಡು ತೊಂದರೆಗಳು ನಮಗಿವೆ. ಚಕ್ರ ಕೂರಿಸಿದ ಕಟಿಂಗ್ ಹೆಡ್ಡನ್ನು ಒತ್ತುವುದು ಕಂಪ್ರೆಸರಿನ ಗಾಳಿ. ಮಳೆಗಾಲದಲ್ಲಿ ಆ ಗಾಳಿಯಲ್ಲಿರುವ ತೇವ ಟ್ಯಾಂಕಿನಲ್ಲಿ ನೀರಾಗಿ ನಿಂತು, ಪೈಪಿನೊಳಗೆ ಹರಿದು, ರೆಗ್ಯುಲೇಟರಿಗೆ ಸೇರುತ್ತದೆ. ಮುಳ್ಳು ಅದೇ ಅಂಕಿ ತೋರಿಸುತ್ತಿದ್ದರೂ ಚಕ್ರದ ಮೇಲಿನ ಒತ್ತಡ ಗಳಿಗೆಗೊಂದು ಬಗೆಯಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಟ್ಯಾಂಕಿನ ತಳದ ನಲ್ಲಿಯನ್ನು ಬೆಳಿಗ್ಗೆ, ಮಧ್ಯಾಹ್ನ ಎರಡೂ ಹೊತ್ತು ತೆರೆದು ನೀರು ಬಿಡಬೇಕು. ಯಂತ್ರಕ್ಕೆ ಹೋಗುವ ಮುನ್ನ ನೀರು ಹಿಡಿಯುವ ಫಿಲ್ಟರ್ ಇರಲೇಬೇಕು. ಕೈಗೂಡಿದರೆ ಏರ್ ಡ್ರೈಯರ್ ಹಾಕಿಸಿಕೊಳ್ಳುವುದು ಒಳ್ಳೆಯದು, ಒಡೆಯದೆ ಉಳಿದ ಹಾಳೆಗಳಲ್ಲೇ ಅದರ ಖರ್ಚು ಮರಳಿ ಬರುತ್ತದೆ.

ಇನ್ನೊಂದು, ಮರ ಬಿದ್ದು ತಂತಿ ಹರಿದಾಗ ಗೀರಿನ ನಡುವೆಯೇ ಹೋಗುವ ಕರೆಂಟು. ಕರೆಂಟು ಮರಳಿದ ಮೇಲೆ ಅದೇ ಗೆರೆಯ ಮೇಲೆ ಮೊದಲಿನಿಂದ ಗೀರಲು ಯಂತ್ರಕ್ಕೆ ಹೇಳಬೇಡಿ. ಒಮ್ಮೆ ಗೀರಿದ ಗೆರೆಯ ಮೇಲೆ ಚಕ್ರ ಮತ್ತೆ ಓಡಿದರೆ ತುಟಿ ಬಿಟ್ಟ ಗೀರು ನುಚ್ಚಾಗುತ್ತದೆ, ಚಕ್ರವೂ ಹಾಳಾಗುತ್ತದೆ. ಗೀರಿದಷ್ಟನ್ನು ಬಿಟ್ಟು, ಗೀರು ನಿಂತ ಜಾಗದಿಂದ ಕೈಕಟ್ಟರಿನಲ್ಲಿ ಪಟ್ಟಿ ಹಿಡಿದು ಮುಂದುವರಿಸಿ, ಕೂಡಲೇ ಮುರಿಯಬೇಕು. ಯಂತ್ರದ ಕಂಪ್ಯೂಟರಿಗೆ ಯುಪಿಎಸ್, ಮೋಟಾರಿಗೆ ಸ್ಟೆಬಿಲೈಸರ್ ಇರುವುದು ಇಲ್ಲಿ ಅನುಕೂಲವಲ್ಲ, ಅಗತ್ಯ.

ನಕ್ಷೆ ಮತ್ತು ಮುರಿಯುವ ಕ್ರಮ

ಹಾಳೆಯಲ್ಲಿ ಏನೂ ಪೋಲಾಗಬಾರದೆಂದು ತುಂಡುಗಳನ್ನು ಅಂಚಿನವರೆಗೆ ತುಂಬಿಸುವುದು ನಿಜವಾದ ಉಳಿತಾಯವಲ್ಲ. ಬಿರುಕು ಯಾವಾಗಲೂ ಎರಡೂ ಬದಿಯ ತೂಕ ಸಮನಾಗಿದ್ದಾಗ ನೇರವಾಗಿ ಓಡುತ್ತದೆ. ಒಂದು ಬದಿ ತೀರಾ ಕಿರಿದಾದರೆ ಅದೇ ಕಡೆಗೆ ವಾಲುತ್ತದೆ. ಅಂಚಿನಿಂದ ತೆಗೆದುಹಾಕುವ ಪಟ್ಟಿಯನ್ನು 5 ಎಂಎಂ ಗಾಜಿನಲ್ಲಿ ನಾನು 20 ಎಂಎಂಗಿಂತ ಕಡಿಮೆ ಇಡುವುದಿಲ್ಲ, ದಪ್ಪ ಗಾಜಿಗೆ ಇನ್ನೂ ಅಗಲ ಇಡುತ್ತೇನೆ. ಚಕ್ರ ಅಂಚಿನ ಮೇಲೆಯೇ ಇಳಿಯದಂತೆ, ಒಂದೆರಡು ಎಂಎಂ ಒಳಗೆ ಇಳಿದು, ಆ ಕೊನೆಯಲ್ಲೂ ಅಂಚಿಗೆ ಸ್ವಲ್ಪ ಮುಂಚೆ ಏಳುವಂತೆ ಯಂತ್ರದಲ್ಲಿ ಹೊಂದಿಸಬೇಕು.

ಗೀರಿದ ಗಾಜನ್ನು ಊಟ ಮುಗಿಸಿ ಬಂದು ಮುರಿಯುವ ಎನ್ನುವುದು ಬೇಡ. ಹೊತ್ತು ಕಳೆದಂತೆ ಬಿರುಕಿನ ಬಾಯಿ ಮುಚ್ಚಿಕೊಳ್ಳುತ್ತದೆ, ಮುರಿಯಲು ಹೆಚ್ಚು ಬಲ ಬೇಕಾಗುತ್ತದೆ, ಹೆಚ್ಚು ಬಲ ಹಾಕಿದಾಗ ಬಿರುಕು ದಾರಿ ತಪ್ಪುತ್ತದೆ. ಹಾಳೆಯ ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ಪೂರ್ತಿ ಹಾಯ್ದ ಗೀರನ್ನು ಮೊದಲು ಮುರಿಯಬೇಕು. ಅಂಥವು ಹಲವಿದ್ದರೆ ನಡುವಿನದ್ದನ್ನು ಮೊದಲು, ಆಮೇಲೆ ಬಂದ ಅರ್ಧಗಳ ನಡುವಿನದ್ದನ್ನು. ಅಡ್ಡ ಗೀರುಗಳ ಸರದಿ ಆ ಮೇಲೆ, ಅಂಚಿನ ಕಿರುಪಟ್ಟಿಗಳದು ಕೊನೆಗೆ. ಗಾಜನ್ನು ಕೆಳಗಿನಿಂದ ಎತ್ತಿ ಬಗ್ಗಿಸುವ, ಮೇಜಿನಲ್ಲೇ ಇರುವ ಮುರಿಯುವ ಪಟ್ಟಿ ಕರಾರುವಾಕ್ಕಾಗಿ ಗೀರಿನ ಅಡಿಯಲ್ಲಿ ಏಳಬೇಕು. ಎರಡು ಕಡೆ ನಿಂತವರು ಒಂದೇ ಹೊತ್ತಿಗೆ, ಒಂದೇ ಬಲದಲ್ಲಿ ಒತ್ತಬೇಕಾದ್ದರಿಂದ ಒಬ್ಬರು ಮಾತ್ರ ಎಣಿಸಲಿ.

ಸ್ವಿಚ್‌ಬೋರ್ಡಿಗೋ ಕಂಬಕ್ಕೋ ಜಾಗ ಬಿಡಲು ಒಳಮೂಲೆ ಕೇಳುವ ಗಿರಾಕಿಗಳಿಗೆ ಚೂಪಾದ ಒಳಮೂಲೆ ಸಾಧ್ಯವಿಲ್ಲವೆಂದು ಮೊದಲೇ ತಿಳಿಸಬೇಕು. ಮೂಲೆಯಲ್ಲಿ ನೀರು ಹಾಯಿಸುತ್ತ ದುಂಡು ರಂಧ್ರ ಕೊರೆದು, ಗೀರು ಆ ರಂಧ್ರಕ್ಕೆ ಬಂದು ಸೇರುವಂತೆ ಮಾಡಿದರೆ ಎಳೆತ ಒಂದೇ ಬಿಂದುವಿನಲ್ಲಿ ಕೂಡದೆ ಹರಡಿಕೊಳ್ಳುತ್ತದೆ.

ಒಡೆದದ್ದನ್ನು ಓದುವುದು

ಹಾಳೆ ಒಡೆದ ಕೂಡಲೇ ಚೂರುಗಳನ್ನು ಗುಡಿಸಿ ಎಸೆಯಬೇಡಿ. ಜೋಡಿಸಿಟ್ಟು ಬಿರುಕು ಎಲ್ಲಿಂದ ಹೊರಟಿತೆಂದು ನೋಡಿ. ಗೀರಿನ ನಡುವಿನಿಂದ ಪಕ್ಕಕ್ಕೆ ಸರಿದಿದ್ದರೆ ಅಲ್ಲಿ ಗೀರು ತಪ್ಪಿದೆ ಅಥವಾ ಕೆಳಗೆ ಚೂರು ಇದೆ. ಕೊನೆಯ ಒಂದೆರಡು ಅಂಗುಲದಲ್ಲಿ ಸರಿದಿದ್ದರೆ ಮುರಿಯುವ ಪಟ್ಟಿ ಓರೆಯಾಗಿದೆ ಅಥವಾ ಗೀರು ಅಂಚಿಗೆ ತೀರಾ ಮುಂಚೆ ನಿಂತಿದೆ. ಗೀರಿಗೆ ಸಂಬಂಧವಿಲ್ಲದ ಅಂಚಿನಿಂದ ಹೊರಟಿದ್ದರೆ ಸಾಗಣೆಯ ಚಿಪ್ಪು. ಈ ಎಲ್ಲವೂ ಸರಿಯಿದ್ದು, ಒಂದೇ ಲೋಡಿನ ಹಾಳೆಗಳು ಮಾತ್ರ ಎಲ್ಲೆಂದರಲ್ಲಿ ಓಡುತ್ತಿದ್ದರೆ, ಕಾರ್ಖಾನೆಯಲ್ಲಿ ಗಾಜನ್ನು ನಿಧಾನವಾಗಿ ತಣಿಸುವ ಹಂತದಲ್ಲಿ ಒಳಗೆ ಬಿಗಿತ ಉಳಿದಿರಬಹುದು. ಆಗ ಲೋಡಿನ ಚೀಟಿಯ ಸಂಖ್ಯೆಯನ್ನು ಬರೆದುಕೊಂಡು, ಉಳಿದ ಹಾಳೆಗಳನ್ನು ಬದಿಗಿಟ್ಟು, ಕೊಟ್ಟವರಿಗೆ ಫೋಟೋ ಸಮೇತ ತಿಳಿಸಿ.

ಟಫನ್ಡ್ ಗಾಜನ್ನು ಮಾತ್ರ ಯಾವ ಯಂತ್ರದಲ್ಲೂ ಗೀರಲು ಹೋಗಬಾರದು. ಅದನ್ನು 600 ಡಿಗ್ರಿಗೂ ಮೇಲೆ ಕಾಯಿಸಿ ಥಟ್ಟನೆ ಗಾಳಿಯಲ್ಲಿ ತಣಿಸಿರುವುದರಿಂದ ಮೇಲ್ಮೈ ಅದುಮಿದ ಸ್ಥಿತಿಯಲ್ಲೂ ಒಡಲು ಎಳೆದ ಸ್ಥಿತಿಯಲ್ಲೂ ಇರುತ್ತದೆ. ಗೀರು ಒಡಲಿಗೆ ತಲುಪಿದ ಕ್ಷಣ ಹಾಳೆ ಪೂರ್ತಿ ಕಾಳುಕಾಳಾಗಿ ಉದುರುತ್ತದೆ. ಹೋಂಸ್ಟೇಯ ದೊಡ್ಡ ಕಿಟಕಿಗಳಿಗೆ ಟಫನ್ಡ್ ಬೇಕಾದರೆ ಅಳತೆ, ರಂಧ್ರ, ಅಂಚಿನ ಪಾಲಿಶ್ ಎಲ್ಲ ಮುಗಿಸಿದ ಮೇಲೆಯೇ ಕಾಯಿಸಲು ಕಳುಹಿಸಬೇಕು. ಎರಡು ಹಾಳೆ ಅಂಟಿಸಿದ ಲ್ಯಾಮಿನೇಟೆಡ್ ಗಾಜಿಗೆ ಎರಡೂ ಮುಖದಲ್ಲಿ ಒಂದರ ನೇರಕ್ಕೊಂದು ಗೀರು ಬೇಕು, ನಡುವಿನ ಪದರವನ್ನು ಬಿಸಿ ಮಾಡಿ ಬ್ಲೇಡಿನಿಂದ ಬಿಡಿಸಬೇಕು. ಅದಕ್ಕೆಂದೇ ಮಾಡಿದ ಮೇಜು ಇಲ್ಲದವರು ಅಳತೆಗೆ ಕತ್ತರಿಸಿದ್ದನ್ನೇ ತರಿಸಿಕೊಳ್ಳುವುದು ಲೇಸು.

ಈ ಎಲ್ಲ ಕೆಲಸದಲ್ಲಿ ಮಣಿಕಟ್ಟು ಮುಚ್ಚುವ ಕೈಗವಸು, ಕನ್ನಡಕ, ಬೆರಳು ಮುಚ್ಚುವ ಬೂಟು ತಪ್ಪದೆ ಇರಲಿ. ಜಾರುತ್ತಿರುವ ಹಾಳೆಯನ್ನು ಹಿಡಿಯಲು ಯಾರೂ ಕೈ ಚಾಚಬಾರದು, ಹಿಂದಕ್ಕೆ ಸರಿದು ಬೀಳಲು ಬಿಡಬೇಕು. ಒಡೆದ ಗಾಜನ್ನು ಗೋಣಿಚೀಲಕ್ಕೆ ತುಂಬಿ ತೋಟದ ಅಂಚಿಗೋ ತೋಡಿಗೋ ಸುರಿಯುವುದನ್ನು ನಮ್ಮ ಊರುಗಳಲ್ಲಿ ಇಂದಿಗೂ ಕಾಣುತ್ತೇವೆ. ಕಾಫಿ ಕೊಯ್ಯಲು ಬರುವ ಕೂಲಿಯವರ ಕಾಲು, ಮೇಯಲು ಬಿಟ್ಟ ಹಸುಗಳ ಗೊರಸು ಅಲ್ಲೇ ಓಡಾಡುತ್ತವೆ. ಎಣ್ಣೆ, ಮಣ್ಣು ಸೇರದಂತೆ ತಗಡಿನ ಡ್ರಮ್ಮಿನಲ್ಲಿ ಕೂಡಿಟ್ಟರೆ ಗುಜರಿಯವರ ಮೂಲಕ ಅದನ್ನು ಮತ್ತೆ ಕರಗಿಸುವ ಕಾರ್ಖಾನೆಗೆ ಕಳುಹಿಸಬಹುದು. ಡ್ರಮ್ಮಿಗೆ ಹಾಕುವ ಮುನ್ನ, ಆ ದಿನ ಒಡೆದ ಹಾಳೆಯ ದಪ್ಪ, ಲೋಡು, ಚಕ್ರ, ಒತ್ತಡ ಮತ್ತು ಬಿರುಕು ಹೊರಟ ಜಾಗ, ಇಷ್ಟನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ.